ಕಾಕಿ ಇಳಿಯದ ಏರು

ನಮ್ಮ ಕಾಕಾನ ಬೈಕಿಗೆ ಪ್ರತಿ ಸೋಮವಾರ ರಜೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ! ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಕಾಕಾ ಅದೇ ಕಾನೂನನ್ನು ತನ್ನ ನೂರು ಸಿಸಿ ಗಾಡಿಗೂ ಹಚ್ಚಿದ್ದಾನೆ. ಒಂದು ದಿನ ದಣಿವಾರಿಸಿಕೊಂಡರೆ ಮಂಗಳವಾರ ಇಂಜಿನ್ನಿಗೆ ತಾಕತ್ತು ಹೆಚ್ಚಿರುತ್ತದಂತೆ. "ನಿನಗ ಐತವಾರ ಸೂಟಿ ಬೇಕು, ಅದಕ್ಕ ಬ್ಯಾಡೇನು?" ಎಂದು ನನ್ನನ್ನೇ ಕೇಳುತ್ತಾನೆ. ಸೋಮವಾರ ತಾನು ಮಾತ್ರ ನನ್ನ ಸ್ಕೂಟರ್ ಒಯ್ಯುತ್ತಾನೆ. ಅದಕ್ಕೆ ಸೂಟಿ ಯಾವಾಗ ಎಂದು ನಾನು ಕೇಳಿಲ್ಲ. ಎಷ್ಟಾದರೂ ನಾನು ಚಿಕ್ಕವನು ನೋಡಿ!

ತಾಕತ್ತಿನ ಈ ಹುಚ್ಚು ಹಿಡಿದದ್ದು ಒಂದು ಏರಿನಿಂದ. ಕಾಕಿಯ ತವರು ಹುಕ್ಕೇರಿ. ನಮ್ಮ ಗೋಕಾಕದಿಂದ ಅಲ್ಲಿಗೆ ಹೊರಟರೆ ಫಾಲ್ಸ್ ಕಡೆಯ ಏರು ಹತ್ತಲೇಬೇಕು. ಕಾಕಾ, ಕಾಕಿ ಇಬ್ಬರೂ ಚೆನ್ನಾಗಿ ಉಂಡು ತಿಂದು ಬೆಳೆದವರು. ಮೇಲೆ ತವರಿಗೆಂದು ಕರದಂಟಿನ ಚೀಲ ಬೇರೆ. ಅರ್ಧ ಏರಿಗೆ ಗಾಡಿ ಗೊರ್ ಎಂದು ನಿಂತುಬಿಡುತ್ತಿತ್ತು. ಕಾಕಿ ಇಳಿದು, ಸೆರಗು ಸರಿಮಾಡಿಕೊಂಡು ನಡೆಯುತ್ತಿದ್ದಳು. ಹೆಂಡತಿ ನಡೆಯುವಾಗ ತಾನು ಕೂತು ಹೋಗುವುದು ಹೇಗೆ? ಕಾಕಾನೂ ಇಂಜಿನ್ ಆರಿಸಿ, ಗಾಡಿ ನೂಕುತ್ತ ಅವಳ ಪಕ್ಕದಲ್ಲೇ ನಡೆಯುತ್ತಿದ್ದ. ಒಮ್ಮೆ ಬಸ್ಸಿನ ಕಿಟಕಿಯಿಂದ ನಾನೇ ಇವರನ್ನು ಕಂಡಿದ್ದೇನೆ. ಕಾಕಾ ಬೆವರು ಸುರಿಸುತ್ತ ಏನೋ ಹೇಳುತ್ತಿದ್ದ, ಕಾಕಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಗಾಡಿ ಕೈಕೊಟ್ಟಾಗ ನಗುವ ಹೆಂಗಸು ಇನ್ನೆಲ್ಲಿ ಸಿಕ್ಕಾಳು ಎಂದುಕೊಂಡೆ.

ಹೀಗಿರುವಾಗ ಹುಕ್ಕೇರಿಯಲ್ಲಿ ಬಸುರಿಯೊಬ್ಬಳ ಕುಬಸದ ಊಟ. ಪಂಕ್ತಿಯ ನಡುವೆ ಕಾಕಿಯ ತಮ್ಮ ಎಲ್ಲರಿಗೂ ಕೇಳುವಂತೆ ಕೇಳಿದ: "ಅಕ್ಕಾ, ಗಾಡಿ ಮ್ಯಾಲ ಬಂದೇನಿ ಅಂತಿ, ಮತ್ತ ಕಾಲು ಯಾಕ ಧೂಳಾಗ್ಯಾವು? ಗಾಡಿ ಮಾಮಾರ್ನ ಕರಕೊಂಡು ಬಂದೈತೋ, ಮಾಮಾರು ಗಾಡೀನ ಕರಕೊಂಡು ಬಂದಾರೋ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಕಾಕಾ ಎರಡನೆಯ ಹೋಳಿಗೆ ಮುಟ್ಟಲಿಲ್ಲ. ಅವನ ಜೀವನದಲ್ಲಿ ಇದು ಸಣ್ಣ ಘಟನೆಯೇ? ಕೈತೊಳೆದು ಬಂದವನೇ ಸಾರಿಬಿಟ್ಟ: "ಮುಂದಿನ ಸಲ ಈಕೀನ ಏರಿನಾಗ ಇಳಸಲಾರದ ಕರಕೊಂಡು ಬರ್ತೇನಿ. ಇಲ್ಲಂದ್ರ ಗಾಡಿ ಮಾರಿ ಬಸ್ಸಿನಾಗ ಬರ್ತೇನಿ!"

ಮೊದಲು ಗಾಡಿಯ ಭಾರ ಇಳಿಸುವ ಕೆಲಸ. ಲೆಗ್ ಗಾರ್ಡ್ ಹೋಯಿತು, ಕ್ಯಾರಿಯರ್ ಹೋಯಿತು, ಎರಡೂ ಸ್ಟ್ಯಾಂಡ್ ಹೋದವು. ಸ್ಟ್ಯಾಂಡಿಲ್ಲದ ಗಾಡಿ ಊರ ಗೋಡೆಗಳಿಗೆಲ್ಲ ಒರಗತೊಡಗಿತು. ಯಾರ ಗೋಡೆಗೆ ಗಾಡಿ ಒರಗಿದೆಯೋ ಅವರ ಮನೆಯಲ್ಲಿ ಕಾಕಾ ಚಹಾ ಕುಡಿಯುತ್ತಿದ್ದಾನೆ ಎಂದು ನಾವು ತಿಳಿದುಕೊಳ್ಳಬೇಕು. ಕೊನೆಗೆ ಸೀರೆ ಗಾರ್ಡಿನ ನಟ್ಟು ಬಿಚ್ಚಲು ಪಾನಾ ಹಚ್ಚಿದಾಗ ಕಾಕಿ ಹೊರಗೆ ಬಂದಳು.

"ಅದನ್ನ ಮುಟ್ಟಬ್ಯಾಡ್ರಿ. ನನ್ನ ಸೀರಿ ಗಾಲ್ಯಾಗ ಸಿಗಬೇಕೇನು?"

"ಎಷ್ಟು ವಜ್ಜಾ ಐತಿ ನೋಡ ಇದು!"

"ಭಾರ ಇಳಸಾಕ ಗಾಡೀನ ಬೇಕೇನ್ರಿ? ನಿಮ್ಮ ಹೊಟ್ಟಿ ಇಳಸ್ರಿ."

ಸೀರೆ ಗಾರ್ಡ್ ಉಳಿಯಿತು. ಹೊಟ್ಟೆಯೂ ಉಳಿಯಿತು.

ಆಮೇಲೆ ಇಂಜಿನ್ನಿಗೆ ಉಸಿರು ಸಾಲದು ಎಂಬ ಸಂಶೋಧನೆ. ಏರ್ ಫಿಲ್ಟರ್ ಕಿತ್ತು ಹಾಕಿದ, ಸೈಲೆನ್ಸರಿನ ಹೊಟ್ಟೆಯೊಳಗಿದ್ದುದನ್ನೆಲ್ಲ ತೆಗೆಸಿದ. ಆಹಾ, ಆ ಸಪ್ಪಳ! ಧುಪದಾಳ ಜಲಾಶಯದ ನೀರಿನಲ್ಲಿ ಕೂತ ಹಕ್ಕಿಗಳು ಕಾಕಾ ಆ ಕಡೆ ಹಾದರೆ ಗುಂಪುಗುಂಪಾಗಿ ಏಳುತ್ತಿದ್ದವು. ಅವನು ಬಸ್ ಸ್ಟ್ಯಾಂಡ್ ದಾಟಿದ್ದು ಮನೆಗೆ ಕೇಳುತ್ತಿತ್ತು, ಕಾಕಿ ಚಹಾಕ್ಕೆ ಇಡುತ್ತಿದ್ದಳು. ತಾಕತ್ತು ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ಚಹಾ ಮಾತ್ರ ದಿನಾ ಬಿಸಿಬಿಸಿ ಸಿಗತೊಡಗಿತು! ಅಷ್ಟರಲ್ಲಿ ಕಬ್ಬಿನ ಸುಗ್ಗಿ ಬಂತು. ರಸ್ತೆಯ ಧೂಳೆಲ್ಲ ಇಂಜಿನ್ನಿಗೆ ಹೊಕ್ಕು ಗಾಡಿ ಕೆಮ್ಮತೊಡಗಿತು.

ಕೆಮ್ಮುವ ಗಾಡಿಯನ್ನು ಮೂಡಲಗಿಯ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಮೇಸ್ತ್ರಿ ಮೊದಲು ಹೊಟ್ಟೆ ತುಂಬ ನಕ್ಕ. ನಂತರ ಫಿಲ್ಟರ್, ಸೈಲೆನ್ಸರ್ ಸರಿಮಾಡಿ, ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ದೊಡ್ಡ ಚೈನ್ ಚಕ್ರ ಕೂಡಿಸಿದ.

"ಇನ್ನ ಏರು ಹತ್ತತೈತ್ರಿ ಕಾಕಾ. ಆದ್ರ ಸಪಾಟ ರಸ್ತೇದಾಗ ಜೋರ ಓಡೂದಿಲ್ಲ."

"ನಾ ಯಾವಾಗ ಓಡಿಸೇನಿ?" ಎಂದ ಕಾಕಾ.

ಕುಬಸದ ಆ ಬಸುರಿಗೆ ಕೂಸು ಹುಟ್ಟಿ, ಹುಕ್ಕೇರಿಯಿಂದ ಹೆಸರಿಡುವ ಕರೆ ಬಂತು. ಕಾಕಾ, ಕಾಕಿ ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಏರು ಶುರುವಾಯಿತು. ಗಾಡಿ ಗುಂಯ್ ಎನ್ನುತ್ತ ಹತ್ತಿತು, ಹತ್ತಿತು, ಹತ್ತುತ್ತಲೇ ಹೋಯಿತು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಹಾಕಲಿ ಬಿಡಿ, ಕಾಕಿ ಇಳಿಯಲಿಲ್ಲ! ಹುಕ್ಕೇರಿ ಮುಟ್ಟಿದ್ದೇ ಕಾಕಾ ಹೆಂಡತಿಯ ತಮ್ಮನನ್ನು ಬಾಗಿಲಿಗೆ ಕರೆದು, "ನೋಡೋ, ನಿಮ್ಮಕ್ಕನ ಕಾಲು ನೋಡು!" ಎಂದು ತೋರಿಸಿದ. ಅವತ್ತು ಎಷ್ಟು ಹೋಳಿಗೆ ತಿಂದನೋ ದೇವರೇ ಬಲ್ಲ. ಕಾಕಿ ಮಾತ್ರ ಯಾಕೋ ಅವತ್ತು ಸೆರಗು ಹಿಡಿದು ನಗಲಿಲ್ಲ.

ಯುಗಾದಿಗೆ ಮತ್ತೆ ಅದೇ ದಾರಿ, ನಾನು ಮತ್ತೆ ಸ್ಕೂಟರಿನಲ್ಲಿ ಹಿಂದೆ. ಏರಿನ ಬುಡದಲ್ಲಿ ಕಾಕಿ ಅವನ ಹೆಗಲು ತಟ್ಟಿದಳು.

"ನಿಲ್ಲಸ್ರಿ."

"ಯಾಕ, ಚೀಲ ಬಿತ್ತೇನು?"

"ಇಲ್ಲ. ನಾ ಇಳೀತೇನಿ."

"ಅಯ್ಯ ಇಕಿನ, ಗಾಡಿ ಹತ್ತತೈತಲ್ಲ!"

"ಹತ್ತತೈತಿ, ಖರೆ. ಆದ್ರ ಮನ್ಯಾಗ ನೋಡಿದ್ರ ಮಂದಿ, ತವರಾಗ ನೋಡಿದ್ರ ಮಂದಿ. ನಾವಿಬ್ಬರ ಕೂಡಿ ಮಾತಾಡೂದು ಈ ಏರಿನಾಗ ಅಷ್ಟ ಇತ್ತು. ಹ್ವಾದ ಸಲ ನೀವು ಒಂದು ಮಾತೂ ಆಡಲಿಲ್ಲ. ಬರೇ ಗಾಡೀನ ಒದರತು."

ಇಷ್ಟು ದಿನ ಕಾಕಾ ಬಿಚ್ಚಿದ್ದು, ಕಟ್ಟಿದ್ದು, ಕೂಡಿಸಿದ್ದು ಎಲ್ಲ ಅವಳಿಗಾಗಿಯೇ ಅಲ್ಲವೇ? ಕಾಕಾ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಅಂದು ಸೋಮವಾರವೇನೂ ಅಲ್ಲ.

ನಾನು ಅವರನ್ನು ದಾಟಿ ಮುಂದೆ ಹೋಗಿ ಮೇಲಿನ ಚಹಾದಂಗಡಿಯಲ್ಲಿ ಕಾಯುತ್ತ ಕೂತೆ. ಬಹಳ ಹೊತ್ತಿಗೆ ಇಬ್ಬರೂ ಬಂದರು. ಕಾಕಾ ಗಾಡಿ ನೂಕುತ್ತಿದ್ದ, ಕಾಕಿ ಒಂದು ಕೈಯನ್ನು ಸೀಟಿಗೆ ಹಚ್ಚಿ, ಇನ್ನೊಂದರಿಂದ ಬಾಯಿಗೆ ಸೆರಗು ಹಿಡಿದಿದ್ದಳು. ನನ್ನ ಮುಂದೆಯೇ ಹಾದುಹೋದರು, ನೋಡಲಿಲ್ಲ. ಏರು ಮುಗಿದು ರಸ್ತೆ ಸಪಾಟಾಗಿ ಆಗಲೇ ಎಷ್ಟೋ ದೂರ ಆಗಿತ್ತು. ಕಾಕಾ ಇನ್ನೂ ಗಾಡಿ ಚಾಲೂ ಮಾಡಿರಲಿಲ್ಲ.