ಕಡ ತಂದ ಬೆಂಕಿ

ನಮ್ಮ ಸೋದರತ್ತೆ ಬೆಂಕಿ ಹಚ್ಚದ ಮನೆ ಕೊಣ್ಣೂರಿನ ನಮ್ಮ ಓಣಿಯಲ್ಲಿ ಒಂದೂ ಉಳಿದಿಲ್ಲ. ಗಾಬರಿಯಾಗಬೇಡಿ, ಯಾವ ಮನೆಯೂ ಸುಟ್ಟಿಲ್ಲ! ಉರಿದದ್ದೆಲ್ಲ ಮಂದಿಯ ಮೈ.

ಕೂತಲ್ಲಿ ಕೂರುವ ಜೀವವಲ್ಲ ಅದು. ಬೆಳಕು ಹರಿಯುವುದೇ ತಡ, ಸಗಣಿಯ ಒಣ ಕುಳ್ಳೊಂದನ್ನು ಕೈಯಲ್ಲಿ ಹಿಡಿದು ಹೊರಡುತ್ತಾಳೆ. ಯಾರದೋ ಹಿತ್ತಲಲ್ಲಿ ಸ್ನಾನದ ನೀರಿನ ಒಲೆ ಉರಿಯುತ್ತಿರಬೇಕು. ಅಲ್ಲಿ ಕುಳ್ಳಿಗೆ ಕಿಡಿ ತಾಗಿಸಿ, ಹೊಗೆಯಾಡಿಸುತ್ತ ಮನೆಗೆ ಬಂದು ತನ್ನ ಒಲೆ ಹಚ್ಚಬೇಕು. ಈ ಕಾಲದಲ್ಲಿ ಬೆಂಕಿಯನ್ನು ಕಡ ತರುವವರುಂಟೇ? ಗೋಕಾಕದ ಸಂತೆಯಿಂದ ನಾನೇ ಒಂದು ಕಟ್ಟು ಕಡ್ಡಿಪೆಟ್ಟಿಗೆ ತಂದುಕೊಟ್ಟೆ. ಮರುದಿನ ಮತ್ತೆ ಕುಳ್ಳು ಸಮೇತ ಹಾಜರು!

“ಅತ್ತಿ, ಕಡ್ಡಿಪೆಟ್ಟಿಗಿ ಏನಾದೂ?”

“ಅದಾವಪಾ, ದೇವರ ಮಾಡದಾಗ ಇಟ್ಟೇನಿ. ಕಡ್ಡಿ ಗೀರಿ ಹಚ್ಚಿದ ಒಲಿ ಮ್ಯಾಲಿನ ಚಾಕ್ಕ ರುಚಿ ಇರೂದಿಲ್ಲೋ!”

ಬೆಂಕಿ ಒಯ್ಯಲು ಬಂದವಳು ಬರಿಗೈಲಿ ಬರುತ್ತಿದ್ದಳೇ? ಆ ಮನೆಯ ಮಾತನ್ನು ಈ ಮನೆಗೆ ತರುತ್ತಿದ್ದಳು, ದಾರಿಯುದ್ದಕ್ಕೂ ಊದಿಕೊಂಡು. ನಮ್ಮವ್ವ ಎಂದೋ ಬಾಜೂ ಮನೆಯ ಕಾಕುವಿನ ರೊಟ್ಟಿ ತುಸು ದಪ್ಪ ಅಂದಿದ್ದಳಂತೆ. ಅದು ಕಾಕುವಿನ ಹಿತ್ತಲು ಮುಟ್ಟುವಷ್ಟರಲ್ಲಿ, “ನಿನ್ನ ರೊಟ್ಟಿ ಎತ್ತಿನ ಬೆನ್ನಿಗಿ ಹೊಚ್ಚಾಕ ಬರ್ತಾವಂತ” ಎಂದಾಗಿತ್ತು! ಕಾಕು ಸೆರಗು ಸಿಕ್ಕಿಸಿಕೊಂಡು ಗೋಡೆಯ ಬಳಿ ಬಂದಳು. ಅವ್ವ ಹಿಟ್ಟಿನ ಕೈಯಲ್ಲೇ ಓಡಿದಳು. ಇಬ್ಬರ ದನಿಯೂ ಓಣಿಯ ತುದಿ ಮುಟ್ಟಿದಾಗ ನಡುವೆ ಅತ್ತೆಯ ದನಿ:

“ಬೈದಾಟ ಆಮ್ಯಾಲ ಮುಗಸ್ರೆವಾ, ಮದ್ಲ ಒಂದೀಟ ಬೆಂಕಿ ಕೊಡ್ರಿ. ನಂದಿನ್ನೂ ಚಾ ಆಗಿಲ್ಲ!”

ಅಂದಿನಿಂದ ಓಣಿ ಅವಳನ್ನು ಒಳಗೆ ಕರೆಯುವುದನ್ನೇ ಬಿಟ್ಟಿತು. ಗ್ಯಾಸು, ಸೋಲಾರು ಬಂದು ಹಿತ್ತಲ ಒಲೆಗಳೂ ಒಂದೊಂದಾಗಿ ಹೋದವು. ಉಳಿದದ್ದು ನಮ್ಮದೊಂದೇ. ಮೊನ್ನೆ ಮಾಳಿಗೆಯ ಮೇಲೆ ಸೋಲಾರು ಕೂರಿಸಿದ ನಾನು, ಆ ಒಲೆಯನ್ನೂ ಕೀಳಿಸಿಬಿಡೋಣವೆಂದು ಗಾರೆಕೆಲಸದ ಗೌಂಡಿಯನ್ನು ಕರೆತಂದೆ. ಅವ್ವ ಒಲೆಗೆ ಅಡ್ಡ ಕುಳಿತುಬಿಟ್ಟಳು!

“ಅತ್ತಿ ಹಚ್ಚಿದ ಜಗಳ ಮರತ್ಯಾ ಅವ್ವಾ? ಕಾಕು ಇನ್ನೂ ನಿನ್ನ ಜೋಡಿ ಮಾತಾಡೂದಿಲ್ಲ.”

“ಮರತಿಲ್ಲ. ಆದ್ರ ನಿಮ್ಮ ಮಾಮಾ ಹೋದಮ್ಯಾಲ ಆ ಮನ್ಯಾಗ ನಿಮ್ಮತ್ತಿ ಜೋಡಿ ಮಾತಾಡಾಕ ಯಾರ ಅದಾರ? ಕರೀದ ಮನಿಗಿ ಸುಮ್ಮನ ಬರೂವಂಥಾರಲ್ಲ ಅಕ್ಕಾರು. ಈ ಒಲಿ ಕಿತ್ತರ ಯಾವ ನೆವಾ ಮಾಡ್ಕೊಂಡ ಬರ್ಬೇಕೋ?”

ಗೌಂಡಿ ಚಾ ಕುಡಿದು ವಾಪಸು ಹೋದ.

ಈಗ ನಮ್ಮ ನಳದಲ್ಲಿ ಸುಡುಸುಡು ನೀರು ಬರುತ್ತದೆ. ಆದರೂ ಅವ್ವ ಬೆಳಗಾಗುತ್ತಲೇ ಹಿತ್ತಲ ಒಲೆ ಹಚ್ಚುತ್ತಾಳೆ. ಇವತ್ತು ಕಟ್ಟಿಗೆ ಹಸಿಯಾಗಿತ್ತು, ಏನು ಮಾಡಿದರೂ ಹತ್ತಲೊಲ್ಲದು. ಅತ್ತೆ ಬರುವ ಹೊತ್ತಾಯಿತೆಂದು ಅವ್ವ ಒಳಗೆ ಹೊರಗೆ ಚಡಪಡಿಸುತ್ತಿದ್ದಳು. ಕಡೆಗೆ ನಾನೇ ಕೂತು, ಕಣ್ಣು ಕೆಂಪಾಗುವ ತನಕ ಊದಿದೆ. ಒಲೆ ಹತ್ತಿತು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಕೆಮ್ಮಿದ ಸದ್ದು.

“ಬೆಂಕಿ ಐತೇನವಾ?”

“ಐತ್ರಿ ಅಕ್ಕಾರ,” ಎಂದು ಅವ್ವ ಮಣೆ ಹಾಕಿದಳು. “ಬರ್ರಿ, ಕುಂದರ್ರಿ.”