ಮಷೀನು ಬಂತು, ಫುಟ್‌ಬಾಲು ಬರಬೇಕು

ನಮ್ಮ ಮನೆಯಲ್ಲಿ ಒಂದು ಗೊಂದಲ ಹೊರಗೆ ಹೋಗುವುದರೊಳಗೆ ಇನ್ನೊಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತದೆ. ನಾನು ಬೈಲಹೊಂಗಲದಿಂದ ದಿನಾ ಕಿತ್ತೂರಿಗೆ ಹೋಗಿ ಮಕ್ಕಳಿಗೆ ಗಣಿತ ಕಲಿಸುವವಳು. ಎಂಥ ಲೆಕ್ಕ ಕೊಟ್ಟರೂ ಬಿಡಿಸುತ್ತೇನೆ. ಆದರೆ ನಮ್ಮ ಮನೆಯವರು ಒಂದು ಫುಟ್‌ಬಾಲ್ ಆಟಕ್ಕಾಗಿ ಕಾದ ಲೆಕ್ಕ ಮಾತ್ರ ನನಗೆ ಇವತ್ತಿಗೂ ತಾಳೆಯಾಗಿಲ್ಲ.

ಹುಲ್ಲು

ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ. ವಯಸ್ಸು ನಲವತ್ತು ದಾಟಿದೆ, ಹೊಟ್ಟೆ ಅದಕ್ಕಿಂತ ಮುಂದೆ ಹೋಗಿದೆ. ನಿಜವಾದ ಫುಟ್‌ಬಾಲನ್ನು ಒಮ್ಮೆಯೂ ಒದ್ದವರಲ್ಲ. ಟಿವಿಗೆ ಮಷೀನು ಜೋಡಿಸಿ ಗುಂಡಿ ಒತ್ತುತ್ತ ಆಡುವ ಫುಟ್‌ಬಾಲಿನ ಹುಚ್ಚು ಮಾತ್ರ ವಿಪರೀತ. ಭಾನುವಾರ ಬಂತೆಂದರೆ ಸವದತ್ತಿಯಿಂದ ಇವರ ಗೆಳೆಯರೊಬ್ಬರು ಬರುತ್ತಾರೆ. ಅವರು ಬ್ಯಾಂಕಿನ ಕ್ಯಾಶಿಯರ್. ನಮ್ಮ ಮನೆಯ ಅವಲಕ್ಕಿ ತಿಂದು, ನಮ್ಮ ಮನೆಯವರನ್ನೇ ಸೋಲಿಸಿ, ನಗುತ್ತ ಬಸ್ಸು ಹತ್ತುತ್ತಾರೆ. ಅವರು ಹೋದ ಮೇಲೆ ಇವರದು ಒಂದೇ ರಾಗ: ತಪ್ಪು ತನ್ನದಲ್ಲ, ಮಷೀನು ಹಳೆಯದಾಗಿದೆ, ತಾನು ಒತ್ತಿದಾಗ ಅದು ಒದೆಯುವುದಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಅಷ್ಟರಲ್ಲಿ ಹೊಸ ಮಷೀನು ಬರುತ್ತದೆ, ಅದಕ್ಕೆಂದೇ ಆ ಫುಟ್‌ಬಾಲ್ ಆಟವನ್ನೂ ಹೊಸದಾಗಿ ಮಾಡುತ್ತಿದ್ದಾರೆ ಎಂಬ ಸುದ್ದಿ ಬಂತು. ಇವರು ಉಬ್ಬಿಹೋದರು. ಹೊಸದರಲ್ಲೂ ಸೋತರೆ ಇನ್ನು ಮೇಲೆ ಒಂದೇ ಒಂದು ನೆಪ ಹೇಳುವುದಿಲ್ಲ ಎಂದು ಕ್ಯಾಶಿಯರ್ ಮುಂದೆ ಮಾತು ಕೊಟ್ಟುಬಿಟ್ಟರು. ನನಗೆ ಚಿಂತೆ ಹತ್ತಿತು. ಹೊಸ ಮಷೀನಿನ ಮೇಲೆ ತಪ್ಪು ಹಾಕುವಂತಿಲ್ಲ ಎಂದಾದರೆ ಅದನ್ನು ಹೊರಲು ಮನೆಯಲ್ಲಿ ಉಳಿಯುವವಳು ನಾನೊಬ್ಬಳೇ.

ಒಂದು ಸಂಜೆ ಇವರು ಮೊಬೈಲಿನಲ್ಲಿ ಆ ಆಟದ ತುಣುಕನ್ನು ಅತ್ತೆಗೆ ತೋರಿಸಿದರು. ಹಳೆಯದರಲ್ಲಿ ಮೈದಾನವೆಂದರೆ ಹಸಿರು ಚಾಪೆ ಹಾಸಿದ ಹಾಗಿತ್ತಂತೆ, ಹೊಸದರಲ್ಲಿ ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆ ಕಾಣುತ್ತದಂತೆ. ಸಂಗೊಳ್ಳಿಯಲ್ಲಿ ಹುಟ್ಟಿ, ಬುದ್ಧಿ ಬಂದಾಗಿನಿಂದ ಕಳೆ ಕಿತ್ತ ಜೀವ ನಮ್ಮ ಅತ್ತೆಯದು. ಆ ವಾರ ನಮ್ಮ ಸೋಯಾಬೀನಿನಲ್ಲೂ ಕಳೆ ತೆಗೆಸುವ ಕೆಲಸ ನಡೆದಿತ್ತು. ಅವರು ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, ವಾಪಸು ಕೊಟ್ಟು, ನನ್ನ ಕಡೆ ತಿರುಗಿದರು.

"ಹೊಲದಾಗ ಹುಲ್ಲು ಕಂಡ್ರ ಆಳು ಹಚ್ಚಿ ಕೀಳಸ್ತಾನ. ಟಿವ್ಯಾಗ ಹುಲ್ಲು ಕಾಣಲಿ ಅಂತ ಮಷೀನು ತರಸ್ತಾನ. ನಿನ್ನ ಗಂಡಗ ಹುಲ್ಲು ಎಲ್ಲಿ ಬೇಕಾಗೇತಿ ಅಂತ ಸ್ವಲ್ಪ ಕೇಳು."

ಬೋಣಿ

ಮಷೀನು ಬಂತು. ಆಟ ಬರಲಿಲ್ಲ. ಆಟ ಬರುವುದು ಇನ್ನೂ ತಡವಂತೆ.

ಬಂದದ್ದನ್ನು ಚಾಲೂ ಮಾಡಿ ಹಳೆಯ ಆಟವನ್ನಾದರೂ ಆಡಿ ಎಂದೆ. ಇವರು ಒಪ್ಪಲಿಲ್ಲ. ಅಂಗಡಿಯಲ್ಲಿ ಬೋಣಿ ಆಗುವವರೆಗೆ ಇವರು ಯಾರಿಗೂ ಉದ್ರಿ ಕೊಡುವವರಲ್ಲ. ಮಷೀನಿಗೂ ಅದೇ ಕಾಯಿದೆ: ಬೋಣಿ ಹೊಸ ಆಟದಿಂದಲೇ ಆಗಬೇಕು. ಹಾಗಾಗಿ ಅದು ಟಿವಿಯ ಕೆಳಗೆ ಸುಮ್ಮನೆ ಕುಳಿತಿತು. ಧೂಳು ಬೀಳಬಾರದೆಂದು ಅತ್ತೆ ಒಂದು ಹೊಸ ಕುಪ್ಪಸದ ಖಣ ಹೊದಿಸಿದರು.

ನಮ್ಮಲ್ಲಿ ಯಾರ ಮನೆಗೆ ಹೊಸ ವಸ್ತು ಬಂದರೂ ನೋಡಲು ಜನ ಬರುತ್ತಾರೆ, ಬಂದವರಿಗೆ ಪೇಢೆ ಕೊಡುತ್ತೇವೆ. ಓಣಿಯವರೆಲ್ಲ ಬಂದು ಖಣವನ್ನು ನೋಡಿ, ಪೇಢೆ ತಿಂದು ಹೋದರು. ಕೊನೆಗೆ ರಾಮದುರ್ಗದಿಂದ ನಾದಿನಿಯ ಗಂಡ ಬಂದರು. ಅವರು ಬಿಡುವ ಪೈಕಿ ಅಲ್ಲ. ಖಣ ಸರಿಸಿ ನೋಡಿದರು, ಎತ್ತಿ ತೂಕ ನೋಡಿದರು, ಇನ್ನು ಹಚ್ಚಿರಿ ನೋಡೋಣ ಎಂದರು. ಹಚ್ಚುವಂತಿಲ್ಲ, ಆಟ ಬಂದಿಲ್ಲ ಎಂದರು ಇವರು. ಆಟ ಎಲ್ಲಿದೆ ಎಂದು ಕೇಳಿದರು. ಎಲ್ಲಿಯೂ ಇಲ್ಲ, ಇನ್ನೂ ತಯಾರಾಗುತ್ತಿದೆ ಎಂದು ಇವರು ಹೆಮ್ಮೆಯಿಂದಲೇ ಹೇಳಿದರು.

ಅಳಿಯಂದಿರು ಕೈಯಲ್ಲಿದ್ದ ಪೇಢೆಯನ್ನು ತಟ್ಟೆಗೆ ವಾಪಸು ಇಟ್ಟರು.

"ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದವರ ಸುದ್ದಿ ಕೇಳಿದ್ದೆ. ಕುಲಾವಿ ಸಲುವಾಗಿ ಪೇಢೆ ಹಂಚಿದವ್ರನ್ನ ಇವತ್ತ ನೋಡಿದೆ."

ತುಂಬುತ್ತಿದೆ

ಆಟ ಬರುವ ದಿನವೂ ಬಂತು. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಅದು ಬಾಗಿಲಿಂದ ಬರುವುದಿಲ್ಲ, ಇಂಟರ್‌ನೆಟ್ಟಿನಿಂದ ಬರುತ್ತದೆ ಎಂದು ಗೋಡೆಯ ಮೇಲಿನ ಡಬ್ಬಿ ತೋರಿಸಿದೆವು. ಅವರು ಚರ್ಚೆಗೆ ಇಳಿಯದೆ ಡಬ್ಬಿಗೇ ಆರತಿ ಬೆಳಗಿ ಒಳಗೆ ಹೋದರು.

ಆಟ ಇಳಿಯಲು ಇಡೀ ದಿನ ಬೇಕಿತ್ತು. ಅಂಗಡಿಯಲ್ಲಿ ಗಿರಾಕಿ ಜೋರು, ಇವರಿಗೆ ಮನೆಗೆ ಬರಲಾಗದು. ಶನಿವಾರದ ಸಾಲೆ ಮುಗಿಸಿ ಬಂದಿದ್ದ ನನ್ನನ್ನು ಟಿವಿಯ ಮುಂದೆ ಕಾವಲಿಗೆ ಕೂರಿಸಿ, ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದರು. ಎಷ್ಟಾಯಿತು ಎಂದು ಅವರು ಕೇಳುವುದು, ಇಷ್ಟಾಯಿತು ಎಂದು ನಾನು ಹೇಳುವುದು. ಮಧ್ಯಾಹ್ನದ ಹೊತ್ತಿಗೆ ಇವರು ಅಂಗಡಿಯಲ್ಲಿ ನಿಂತು ದೊಡ್ಡ ದನಿಯಲ್ಲಿ, "ಅರ್ಧ ತುಂಬೇತಿ? ಚಲೋ ಆತು. ಹಿಂಗ ಬಂದ್ರ ಸಂಜಿ ತನಕ ಪೂರ್ತಿ ತುಂಬತೈತಿ" ಎಂದರಂತೆ.

ಯೂರಿಯಾಕ್ಕೆ ಬಂದಿದ್ದ ಮನೋಳಿಯ ರೈತನೊಬ್ಬ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ. ಅವನ ಹೊಲ ಮಲಪ್ರಭೆಯ ದಂಡೆಗೆ. ಮಳೆಗಾಲ ಬೇರೆ. ನವಿಲುತೀರ್ಥದ ಡ್ಯಾಮು ತುಂಬಿದರೆ ನೀರು ಬಿಡುತ್ತಾರೆ, ಬಿಟ್ಟರೆ ದಂಡೆಯ ಪಂಪ್‌ಸೆಟ್ಟು ಹೊಳೆಯ ಪಾಲು. ಪಾಪ, ಆತ ಯೂರಿಯಾ ಬಿಟ್ಟು ಎದ್ದು ಊರಿಗೆ ಫೋನ್ ಹಚ್ಚಿದ. ಸಂಜೆಯೊಳಗೆ ಅವನ ಓಣಿಯವರೆಲ್ಲ ತಮ್ಮ ಪಂಪ್‌ಸೆಟ್ಟುಗಳನ್ನು ಮೇಲಕ್ಕೆ ಎತ್ತಿಟ್ಟರು.

ಮರುದಿನ ಹೊಳೆ ಇದ್ದ ಹಾಗೇ ಇತ್ತು. ಪಂಪ್‌ಸೆಟ್ಟು ಮತ್ತೆ ಕೆಳಗಿಳಿಸಿ ಆತ ಇವರಿಗೆ ಫೋನ್ ಮಾಡಿ, ಯಾಕೆ ಸಾವ್ಕಾರ್ರ, ತುಂಬಲಿಲ್ಲವೇ ಎಂದು ಕೇಳಿದ. ಇವರಿಗೆ ಖುಷಿಯೋ ಖುಷಿ. ತನ್ನ ಆಟದ ಮೇಲೆ ಮನೋಳಿಯವರಿಗೂ ಕಾಳಜಿ ಎಂದುಕೊಂಡು, "ಪೂರ್ತಿ ತುಂಬೇತಿ. ಇವತ್ತ ಸಂಜಿಗೆ ಚಾಲೂ" ಎಂದರು.

ಪಂಪ್‌ಸೆಟ್ಟುಗಳು ಮತ್ತೆ ಮೇಲೇರಿದವು.

ಗುಡ್ಡ

ಆ ದಿನ ಭಾನುವಾರ. ಸಂಜೆ ಕ್ಯಾಶಿಯರ್ ಬರುವವರಿದ್ದರು. ಬೆಳಿಗ್ಗೆಯೇ ಅತ್ತೆ ಪಟ್ಟು ಹಿಡಿದರು: ಟ್ರ್ಯಾಕ್ಟರನ್ನು ಎಲ್ಲಮ್ಮನ ಗುಡ್ಡಕ್ಕೆ ಒಯ್ದ ಮೇಲೆಯೇ ಹೊಲಕ್ಕೆ ಇಳಿಸಿದ್ದು, ಇದನ್ನು ಪೂಜೆಯಿಲ್ಲದೆ ಹಚ್ಚುವುದು ಹೇಗೆ? ನಾನು ಇವರು ಬೇಡವೆನ್ನುತ್ತಾರೆ ಅಂದುಕೊಂಡಿದ್ದೆ. ಆದರೆ ಸೋತು ಸೋತು ಬೇಸತ್ತ ಮನುಷ್ಯ, ಎಲ್ಲಿಂದ ಬಲ ಸಿಕ್ಕರೂ ಬೇಕಾಗಿತ್ತು.

ಮಷೀನು ಅತ್ತೆಯ ತೊಡೆಯ ಮೇಲೆ ಕುಳಿತು ಗುಡ್ಡಕ್ಕೆ ಹೋಯಿತು. ಪಾಳಿಯಲ್ಲಿ ನಿಂತಾಗ ಮುಂದಿದ್ದ ಹೆಂಗಸೊಬ್ಬಳು ಇದೇನು ಎಂದು ಕೇಳಿದಳು. ಮಗ ಇದರಲ್ಲಿ ಫುಟ್‌ಬಾಲ್ ಆಡುತ್ತಾನೆ ಎಂದು ಅತ್ತೆ ಹೇಳಿದರು. ಆಕೆ ಇವರ ಹೊಟ್ಟೆಯನ್ನು ನೋಡಿ, ಮಷೀನೇ ಆಡಲಿ ಬಿಡಿ, ಅದೇ ಚಲೋ ಎಂದಳು.

ದರ್ಶನ ಮುಗಿಸಿ ಹೊರಗೆ ಬಂದ ಮೇಲೆ ಅತ್ತೆ ಒಂದು ಹಿಡಿ ಭಂಡಾರ ತೆಗೆದುಕೊಂಡು ಮಷೀನಿನ ನೆತ್ತಿಗೆ ಹಚ್ಚಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚಂದವಿತ್ತು. ಆದರೆ ಗಾಳಿಯಾಡಲು ಬಿಟ್ಟ ಸಣ್ಣ ಸಣ್ಣ ಕಿಂಡಿಗಳು ಅವರ ಕಣ್ಣಿಗೆ ಬಿದ್ದವು.

"ಆಡವ್ರೆಲ್ಲ ಒಳಗ ಅದಾರ. ಮ್ಯಾಲ ಹಚ್ಚಿದ್ರ ಅವರಿಗೆ ಮುಟ್ಟತೈತೇನು?" ಎನ್ನುತ್ತ ಆ ಅರಿಶಿನ ಪುಡಿಯನ್ನು ಕಿಂಡಿಯೊಳಗೆ ಸುರಿದರು. ನಾನು ಗಾಬರಿಯಾಗಿ ಇವರ ಕಡೆ ನೋಡಿದೆ, ಈಗಲಾದರೂ ತಡೆಯುತ್ತಾರೆಂದು. ಇವರು ಕೈಮುಗಿದುಕೊಂಡು ನಿಂತಿದ್ದರು.

"ಯವ್ವಾ, ಗೋಲ್‌ಕೀಪರ್ ಇನ್ನೊಂದು ಕಡಿ ಇರತಾನ. ಆ ಕಡಿನೂ ಸ್ವಲ್ಪ ಹಾಕು."

ಒಂದು–ಸೊನ್ನೆ

ಸಂಜೆ ಆಟ ಶುರುವಾಯಿತು. ಹುಲ್ಲು ನಿಜಕ್ಕೂ ಕಂಡಿತು. ಅದನ್ನು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಬಹಳ ಹೊತ್ತು ಯಾರಿಗೂ ಗೋಲು ಸಿಗಲಿಲ್ಲ. ಆಮೇಲೆ ಇವರು ಗಡಿಬಿಡಿಯಲ್ಲಿ ಯಾವುದೋ ಗುಂಡಿ ಒತ್ತಿದರು, ಚೆಂಡು ಹೋಗಿ ಬಲೆಯೊಳಗೆ ಕುಳಿತಿತು. ಇವರಿಗೇ ನಂಬಿಕೆಯಿಲ್ಲ. ಟಿವಿಯನ್ನು ಬಿಟ್ಟು ತಮ್ಮ ಹೆಬ್ಬೆರಳನ್ನೇ ನೋಡುತ್ತ ಕುಳಿತರು. ಕ್ಯಾಶಿಯರ್ ಅವಲಕ್ಕಿಯ ತಟ್ಟೆಯನ್ನು ದೂರ ಸರಿಸಿದರು.

ಇನ್ನು ಸ್ವಲ್ಪ ಹೊತ್ತು ಹಿಡಿದುಕೊಂಡರೆ ಇವರದು ಮೊದಲ ಗೆಲುವು. ನಾನೂ ಟಿವಿಯ ಹತ್ತಿರ ಸರಿದು ಕುಳಿತೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಮಷೀನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಒಳಗಿನ ಫ್ಯಾನು ಜೋರಾಯಿತು, ಇನ್ನೂ ಜೋರಾಯಿತು, ಆಮೇಲೆ ಒಮ್ಮೆಲೇ ಭುಸ್ ಎಂದು ಒಳಗಿದ್ದ ಭಂಡಾರವನ್ನೆಲ್ಲ ಹೊರಗೆ ಎರಚಿತು. ಟಿವಿ ಕಪ್ಪಾಯಿತು. ಉಳಿದವರೆಲ್ಲ ಹಳದಿಯಾದೆವು.

ಕ್ಯಾಶಿಯರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಟ ಪೂರ್ತಿಯಾಗಿಲ್ಲ, ಇದು ಲೆಕ್ಕಕ್ಕಿಲ್ಲ ಎಂದು ಹೇಳಲು ಅವರು ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅತ್ತೆ ಈ ಹಳದಿ ಮೋಡ ನೋಡಿ, ಎರಡೂ ಕೈ ಎತ್ತಿ, ಗುಡ್ಡದಲ್ಲಿ ಭಂಡಾರ ಹಾರಿಸಿ ಕೂಗುವ ಹಾಗೆ "ಉಧೋ ಉಧೋ" ಎಂದುಬಿಟ್ಟರು. ಕ್ಯಾಶಿಯರ್ ಆ ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದವರು. ಕೈಗಳು ತಾವಾಗಿಯೇ ಮುಗಿದುಕೊಂಡವು. ಹೇಳಬೇಕಾದದ್ದನ್ನು ನುಂಗಿಕೊಂಡು, ಮೂಗಿನ ಮೇಲಿದ್ದ ಭಂಡಾರವನ್ನೇ ಬೆರಳಿಂದ ತೆಗೆದು ಹಣೆಗೆ ಹಚ್ಚಿಕೊಂಡರು.

"ಎಲ್ಲಮ್ಮ ತಾನಽ ಸೀಟಿ ಊದಿ ಆಟ ಮುಗಿಸಿದ ಮ್ಯಾಲ ನಾ ಏನು ಅನ್ನಲಿ, ಸಾವ್ಕಾರ್ರ. ಗೆದ್ರಿ ನೀವು."

ಹಳದಿ ಮುಖದಲ್ಲೇ ಬಸ್ಸು ಹತ್ತಿ ಹೋದರು. ಇವರು ಮರುದಿನ ಅಂಗಡಿಗೆ ಬಂದವರಿಗೆಲ್ಲ ಪೇಢೆ ಕೊಟ್ಟರು. ನಮ್ಮ ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಬೆಳಕು ನೋಡಿದ ನೆನಪು ನನಗಿಲ್ಲ.

ಮಷೀನು ಮಾತ್ರ ಅಂದಿನಿಂದ ಉಸಿರು ಎತ್ತಿಲ್ಲ. ತಿಂಗಳುಗಳಾದವು, ಖಣ ಹೊದ್ದು ಕುಳಿತಿದೆ. ಹುಬ್ಬಳ್ಳಿಗೆ ಒಯ್ದರೆ ಬಿಚ್ಚಿ, ಪುಡಿ ಝಾಡಿಸಿ ಸರಿ ಮಾಡಿಕೊಡುತ್ತಾರಂತೆ. ಮೊನ್ನೆ ನಾನೇ ತಡೆಯಲಾರದೆ ಹೇಳಿದೆ: ಇದಕ್ಕಾಗಿ ಊಟ-ನಿದ್ದೆ ಬಿಟ್ಟು ಕಾದಿರಿ, ಹೋಗಿ ರಿಪೇರಿ ಮಾಡಿಸಿಕೊಂಡು ಬನ್ನಿ.

ಇವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿದರು.

"ಹುಚ್ಚಿ, ರಿಪೇರಿ ಆದ್ರ ಆ ಕ್ಯಾಶಿಯರ್ ಮತ್ತ ಆಡಾಕ ಬರತಾನ."