ಬಕೆಟ್ ನೀರು ಚೆಲ್ಲುವ ಕೆಲಸ

ಕೆಲಸ ಬಹಳ ಸುಲಭದ್ದು. ಮಳೆಗಾಲದಲ್ಲಿ ಹತ್ತು ದಿನ ಉಡುಪಿ ಕಡೆಯ ಒಂದು ಮನೆಯಲ್ಲಿ ಇರಬೇಕು. ಕಡಲು ಅಲ್ಲಿಂದ ಕೂಗಳತೆ ದೂರ. ಆ ಮನೆಯ ತಾರಸಿ ನಡುಮನೆಯಲ್ಲಿ ಒಂದೇ ಒಂದು ಕಡೆ ಸೋರುತ್ತದೆ. ಅದರ ಕೆಳಗೆ ಬಕೆಟ್ ಇಟ್ಟಿದೆ. ತುಂಬಿದಾಗ ಹೊರಗೆ ಚೆಲ್ಲಬೇಕು. ಇಷ್ಟೇ! ಇದಕ್ಕೆ ಕಾನ್ವೆಂಟಿನಲ್ಲಿ ಓದಿರಬೇಕೆಂದಿಲ್ಲ. ನಾನು ಓದಿದ್ದೆ. ಅದೂ ಸಾಲಲಿಲ್ಲ.

ಮನೆ ನಮ್ಮ ಯಜಮಾನರ ಅಕ್ಕ ಸುಲೋಚನಕ್ಕನದು. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ ಬೆಳೆದವರು, ಮದುವೆಯಾಗಿ ಕರಾವಳಿ ಸೇರಿ ಮೂವತ್ತು ವರ್ಷವಾಯಿತು. ಅವರ ಮಗಳಿಗೆ ಪುಣೆಯಲ್ಲಿ ಹೆರಿಗೆಯಾಗಿತ್ತು. ಬಾಣಂತಿಯನ್ನೂ ಮಗುವನ್ನೂ ಮನೆಗೆ ಕರೆತರಲು ಅವರೂ ಭಾವನವರೂ ಹೊರಟಿದ್ದರು. ಅಲ್ಲಿಯವರೆಗೆ ಮನೆ ಒಣಗಿರಬೇಕು, ಬೆಚ್ಚಗಿರಬೇಕು.

ನಾನು ಇವರ ತವರಿಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಸುಲೋಚನಕ್ಕ ನನ್ನ ಕೈಗೆ ಒಂದು ಜವಾಬ್ದಾರಿಯನ್ನೂ ಕೊಟ್ಟವರಲ್ಲ. ಅವರ ಮಗಳ ಮದುವೆಯಲ್ಲಿ ತಾಂಬೂಲದ ತಟ್ಟೆ ಜೋಡಿಸಲು ಹೋದರೆ, "ನೀನು ಕಾನ್ವೆಂಟ್‌ನೋಳು ಕಣೆ, ಸುಮ್ನೆ ಚೆನ್ನಾಗಿ ಕೂತ್ಕೊ" ಎಂದು ಕುರ್ಚಿ ಹಾಕಿಸಿದ್ದರು. ಎರಡು ದಿನ ಚೆನ್ನಾಗಿ ಕೂತಿದ್ದೆ! ಅಂಥವರು ಈಗ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ನಿರ್ಮಲ, ಮಗು ಬರೋ ಮನೆ. ನಿನ್ನ ನಂಬಿದೀನಿ" ಎಂದರು. ಆ ಮಾತಿಗೆ ನಾನು ಕಡಲನ್ನೇ ಬೇಕಾದರೂ ಒರೆಸಿಡಲು ಸಿದ್ಧಳಿದ್ದೆ.

ಮೊದಲನೆಯ ದಿನವೇ ಬಕೆಟ್ ತುಂಬಿತು. ಎತ್ತಿಕೊಂಡು ಹೊಸ್ತಿಲಿಗೆ ಹೋದೆ. ಹೊರಗೆ ಮಳೆ ಧೋ ಎನ್ನುತ್ತಿತ್ತು. ಬಕೆಟ್ ಓರೆ ಮಾಡಬೇಕು. ಕೈ ಏಳಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನೀವು ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಸಂಸಾರ ಮಾಡಿರಬೇಕು. ನಮಗೆ ನಲ್ಲಿಯಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ನೀರು ಬಿಡುವವನಿಗೆ ಮನಸ್ಸು ಬಂದರೆ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಸೊಪ್ಪು ತೊಳೆದ ನೀರು ಅಂಗಳಕ್ಕೆ, ಬಟ್ಟೆ ಜಾಲಿಸಿದ ನೀರು ಕಕ್ಕಸಿಗೆ. ನೀರು ನಮ್ಮ ಮನೆಯಲ್ಲಿ ಕನಿಷ್ಠ ಎರಡು ಉದ್ಯೋಗ ಮಾಡದೆ ನಿವೃತ್ತಿ ಹೊಂದುವಂತಿಲ್ಲ. ಅಂಥ ನನಗೆ ಕನ್ನಡಿಯಂತೆ ತಿಳಿಯಾದ ಒಂದು ಬಕೆಟ್ ನೀರನ್ನು ಮಣ್ಣಿಗೆ ಚೆಲ್ಲು ಎಂದರೆ?

"ರೀ, ಹೇಗ್ರೀ ಚೆಲ್ಲೋದು?" ಎಂದೆ.

ನನ್ನ ಜೊತೆಗೆ ಬಂದಿದ್ದ ಯಜಮಾನರು ಬಕೆಟ್ಟಿನೊಳಗೆ ಇಣುಕಿ ನೋಡಿದರು. ಅವರ ಮುಖವೂ ಸಣ್ಣದಾಯಿತು. "ಪಾಪ ಕಣೆ. ಎಷ್ಟ್ ಚೆನ್ನಾಗಿದೆ! ಒಂದು ಪಾತ್ರೆಗೆ ಬಗ್ಸಿಡು, ಬಟ್ಟೆಗಾಗುತ್ತೆ."

ಅನಾಹುತದ ಉದ್ಘಾಟನೆ ಹೀಗೆ ದಂಪತಿ ಸಮೇತ ನೆರವೇರಿತು.

ಸಂಜೆಯ ಹೊತ್ತಿಗೆ ಮನೆಯ ನಾಲ್ಕು ಕೊಡ, ಎರಡು ಹಂಡೆ ತುಂಬಿದವು. ಮಾರನೆಯ ದಿನ ಕುಕ್ಕರು, ಇಡ್ಲಿ ಪಾತ್ರೆ, ಟಿಫನ್ ಕ್ಯಾರಿಯರಿನ ನಾಲ್ಕೂ ಡಬ್ಬಿ. ಅಡುಗೆಗೆ ಪಾತ್ರೆ ಉಳಿಯಲಿಲ್ಲವಾದ್ದರಿಂದ ಅವಲಕ್ಕಿ ತಿಂದೆವು. ಯಾವ ನೀರು ಯಾವುದಕ್ಕೆ ಎಂದು ಗೊಂದಲವಾಗಬಾರದಲ್ಲ? ನಮ್ಮ ಶಾಲೆಯ ಸಿಸ್ಟರ್ ಕಲಿಸಿದ ದುಂಡು ಅಕ್ಷರದಲ್ಲಿ ಚೀಟಿ ಬರೆದು ಪ್ರತಿಯೊಂದಕ್ಕೂ ಅಂಟಿಸಿದೆ: "ಬಟ್ಟೆ", "ನೆಲ ಒರೆಸಲು", "ಇತರೆ". ಕೆಳಗೆ ತುಂಬಿಸಿದ ತಾರೀಖು, ವೇಳೆ. ಅಡಿಗೆರೆ ಸಹಿತ!

ಪಕ್ಕದ ಮನೆಯ ವಾಸಂತಕ್ಕ ಬಸಳೆ ಸೊಪ್ಪು ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ ಮಾರಾಯ್ರೆ ಇದು? ಅಂಗಡಿ ಇಟ್ಟಿದ್ದೀರಾ?"

"ನೀರು ಸುಮ್ನೆ ಹಾಳಾಗುತ್ತಲ್ಲ ವಾಸಂತಕ್ಕ."

"ಹಾಳಾಗುದಾ? ಹಿತ್ತಿಲಲ್ಲಿ ಬಾವಿ ಉಂಟಲ್ಲ, ಬಗ್ಗಿದ್ರೆ ಚೆಂಬಿಗೆ ಸಿಗ್ತದೆ ನೀರು."

"ಅದು ಇವತ್ತು. ನಾಳೆ?"

"ನಾಳೆಯೂ ಉಂಟು."

"ನಾಡಿದ್ದು?"

ವಾಸಂತಕ್ಕ ನನ್ನನ್ನು ದಿಟ್ಟಿಸಿದರು. ಅವರ ಎಡಗೈಯ ಒಂದು ಬಳೆ ಒಡೆದಿತ್ತು, ಸೊಪ್ಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಆ ಹನಿಗಳ ಕೆಳಗೆ ತಟ್ಟೆ ಹಿಡಿದಿದ್ದೇನೆಂಬುದು ನನಗೆ ಆಮೇಲೆ ಗೊತ್ತಾಯಿತು. ಅವರು ಮೆತ್ತಗೆ, "ನಿರ್ಮಲಕ್ಕ, ಅದನ್ನೆಲ್ಲ ಚೆಲ್ಲಿ ಆಯ್ತಾ?" ಎಂದು, ಹುಷಾರಿಲ್ಲದವರಿಗೆ ಹೇಳುವ ದನಿಯಲ್ಲಿ ಹೇಳಿ ಹೋದರು.

ನಾನು ಚೆಲ್ಲಲಿಲ್ಲ. ಯಜಮಾನರು ಪೇಟೆಗೆ ಹೋಗಿ ಇನ್ನೂರು ಲೀಟರಿನ ಹಳೆಯ ನೀಲಿ ಡ್ರಮ್ ತಂದರು! ಡ್ರಮ್ಮಿಗೆ ಪೂರ್ವಾಶ್ರಮದಲ್ಲಿ ಮೀನಿನ ಸಂಬಂಧವಿತ್ತೆಂಬುದು ನಮಗಿಂತ ಮೊದಲು ಬೆಕ್ಕುಗಳಿಗೆ ತಿಳಿಯಿತು. ಆರು ಬೆಕ್ಕುಗಳು ನಡುಮನೆಯಲ್ಲಿ ಬಂದು ಕೂತವು. ಓಡಿಸಿದಷ್ಟೂ ಬಂದವು. ಕೊನೆಗೆ ಬೆಕ್ಕುಗಳು ಒಂದು ಕಡೆ, ನಾವು ಒಂದು ಕಡೆ ಎಂದು ಒಪ್ಪಂದವಾಯಿತು.

ಆರನೆಯ ದಿನ ನೆಲದಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಯಜಮಾನರು ಬಚ್ಚಲಿಗೆ ಹೋಗಬೇಕಾದರೆ ಕುಂಟಾಬಿಲ್ಲೆ ಆಡಿಕೊಂಡು ಹೋಗುತ್ತಿದ್ದರು. ಆಗ ನನ್ನ ಕಣ್ಣಿಗೆ ಮಲಗುವ ಕೋಣೆಯ ಅಟ್ಟ ಬಿತ್ತು. ಗೋಡೆಗೆ ಹೊಡೆದ ಪ್ಲೈವುಡ್ ಹಲಗೆ, ಮೇಲೆ ಎರಡು ಖಾಲಿ ಸೂಟ್‌ಕೇಸು. ಅದರ ನೇರ ಕೆಳಗೆ ಬಾಣಂತಿಗಾಗಿ ಸಿದ್ಧ ಮಾಡಿದ ಮಂಚ, ಹೊಸ ಹತ್ತಿಯ ಹಾಸಿಗೆ, ಮಗುವಿಗೆಂದು ಸುಲೋಚನಕ್ಕ ಹಳೆಯ ಸೀರೆಗಳಲ್ಲಿ ಹೊಲಿದ ಏಳು ಕೌದಿ. ಪಕ್ಕದಲ್ಲಿ ಬೀರು.

"ಭಾರ ತಡೆಯುತ್ತೇನ್ರೀ?"

ಯಜಮಾನರು ಹಲಗೆಯನ್ನು ಬೆರಳ ಗಿಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, "ಆನೆ ನಿಲ್ಲಿಸ್ಬೋದು" ಎಂದು ತಾಂತ್ರಿಕ ಮಂಜೂರಾತಿ ನೀಡಿದರು.

ಹನ್ನೊಂದು ಕೊಡ ಏರಿಸಿದೆವು. (ಏಳನ್ನು ವಾಸಂತಕ್ಕನಿಂದಲೇ ಎರವಲು ತಂದಿದ್ದೆ. ಏಕೆಂದು ಹೇಳಿರಲಿಲ್ಲ.) ಸಾಲಾಗಿ, ಚೀಟಿಗಳು ಮುಂದಕ್ಕೆ ಕಾಣುವಂತೆ. ನೋಡಿದರೆ ಕಣ್ಣು ತುಂಬುತ್ತಿತ್ತು.

ಏಳನೆಯ ದಿನ ಪೂರ್ತಿ ನಿಂತವು. ಎಂಟನೆಯ ದಿನ ಬೆಳಿಗ್ಗೆ ಆರೋಗ್ಯ ಇಲಾಖೆಯ ಹುಡುಗಿ ಟಾರ್ಚ್ ಹಿಡಿದು ಬಂದಳು. ಮಳೆಗಾಲದಲ್ಲಿ ಮನೆಮನೆಗೂ ಬಂದು ಸೊಳ್ಳೆ ಹುಳ ನೋಡುತ್ತಾರಂತೆ. ಹೂಕುಂಡದ ತಟ್ಟೆ, ತೆಂಗಿನ ಗೆರಟೆ, ಇಂಥವುಗಳಲ್ಲಿ ನಿಂತ ಒಂದು ಚಮಚ ನೀರಿಗಾಗಿ ಇಡೀ ಊರು ಹುಡುಕುವ ಹುಡುಗಿ ಅದು. ನಮ್ಮ ನಡುಮನೆಯ ಬಾಗಿಲು ತೆಗೆದೆ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಅಕ್ಕಾ... ಇದೆಲ್ಲ ಎಂತ?"

"ಮಳೆ ನೀರಮ್ಮ. ಕ್ಲೀನಾಗಿದೆ, ನೋಡು."

ಅವಳು ಹಂಡೆಯೊಳಗೆ ಟಾರ್ಚ್ ಬಿಟ್ಟಳು. ಕ್ಲೀನಾದ ನೀರಿನಲ್ಲಿ ಸಣ್ಣ ಸಣ್ಣ ಅಲ್ಪವಿರಾಮಗಳು ಕುಣಿಯುತ್ತಿದ್ದವು. ಮುಂದಿನ ಪಾತ್ರೆ. ಅದರಲ್ಲೂ! ಟಿಫನ್ ಕ್ಯಾರಿಯರಿನ ಮೂರನೆಯ ಡಬ್ಬಿಯಲ್ಲಂತೂ ದೊಡ್ಡ ಕುಟುಂಬವೇ ಇತ್ತು.

"ಎಷ್ಟು ದಿನದಿಂದ ನಿಂತಿದೆ ನೀರು?"

"ನಿನ್ನೆ ಮೊನ್ನೆದು" ಎಂದು ಯಜಮಾನರು ಹಿಂದಿನಿಂದ ಧೈರ್ಯವಾಗಿ ಸುಳ್ಳು ಹೇಳಿದರು.

ಹುಡುಗಿ ಚೀಟಿ ಓದಿದಳು. ತಾರೀಖು ಓದಿದಳು. ವೇಳೆಯನ್ನೂ ಓದಿದಳು. "ಇಷ್ಟು ಚಂದ ಬರ್ದಿಟ್ಟ ಮನೆ ನಾನು ಎಲ್ಲಿಯೂ ನೋಡ್ಲಿಲ್ಲ ಅಕ್ಕ" ಎಂದು ಮನಸಾರೆ ಹೊಗಳಿ, ಅದೇ ತಾರೀಖುಗಳನ್ನು ನೋಡಿಕೊಂಡು ನೋಟೀಸು ಬರೆದಳು. ಭಾವನವರ ಹೆಸರಿಗೆ. "ಬಾಣಂತಿ, ಚಿಕ್ಕ ಮಕ್ಕಳು ಇದ್ದಾರಾ ಮನೆಯಲ್ಲಿ?"

"ನಾಡಿದ್ದು ಬರ್ತಾರೆ" ಎಂದೆ. ನನ್ನ ಗಂಟಲು ಒಣಗಿತ್ತು. ಆ ಮನೆಯಲ್ಲಿ ಒಣಗಿದ್ದದ್ದು ಅದೊಂದೇ!

ಅವಳು ಮಲಗುವ ಕೋಣೆಯನ್ನೂ ನೋಡಬೇಕೆಂದಳು. ಅಟ್ಟದ ಮೇಲಿನ ಕೊಡಗಳಿಗೆ ಟಾರ್ಚ್ ಹಾಕಲು ಯಜಮಾನರು ಸ್ಟೂಲ್ ತಂದು, ತಾವೇ ಹತ್ತಿ, ಆಸರೆಗೆಂದು ಹಲಗೆಯನ್ನು ಹಿಡಿದುಕೊಂಡರು.

ಆನೆ ನಿಲ್ಲಿಸಬಹುದಾಗಿತ್ತೋ ಏನೋ. ಹನ್ನೊಂದು ಕೊಡ, ಒಬ್ಬ ಯಜಮಾನರು ಹೆಚ್ಚಾದರು.

ಶಬ್ದ ಕೇಳಿ ವಾಸಂತಕ್ಕ ಓಡಿ ಬರುವ ಹೊತ್ತಿಗೆ ಯಜಮಾನರು ಬಾಣಂತಿಯ ಮಂಚದ ಮೇಲೆ, ಕೊಡಗಳ ನಡುವೆ, ತಲೆಯಿಂದ ಕಾಲಿನವರೆಗೆ ನೆಂದು ಕೂತಿದ್ದರು. ಹಾಸಿಗೆ ನೀರು ಕುಡಿದು ಉಬ್ಬಿತು. ಕೌದಿಗಳು ತೇಲಿದವು. ಪ್ಲೈವುಡ್ ಬೀರು ಮಧ್ಯಾಹ್ನದೊಳಗೆ ಊದಿಕೊಂಡು ಬಾಗಿಲು ಬಿಗಿದುಕೊಂಡಿತು. ಒಳಗೆ ಮಗುವಿನ ಬಟ್ಟೆಗಳೆಲ್ಲ ಭದ್ರ! ನಡುಮನೆಯ ಆ ಒಂದು ತೂತು ಮೂವತ್ತು ವರ್ಷದಲ್ಲಿ ಮಾಡಲಾಗದ್ದನ್ನು ನಾವು ಅರ್ಧ ನಿಮಿಷದಲ್ಲಿ ಸಾಧಿಸಿದ್ದೆವು.

"ನನ್ನ ಕೊಡ ಅಲ್ವಾ ಇದು?" ಎಂದರು ವಾಸಂತಕ್ಕ, ನೆಗ್ಗಿದ್ದನ್ನು ಎತ್ತಿ. ಅಷ್ಟೇ ಕೇಳಿದ್ದು. ಕೊಡಗಳನ್ನು ಏಕೆ ಎರವಲು ತಂದಿದ್ದೆನೆಂದು ಇನ್ನು ಹೇಳಬೇಕಾಗಿರಲಿಲ್ಲ.

ಎರಡು ದಿನ ಫ್ಯಾನ್ ಹಾಕಿದೆವು, ಕೆಂಡದ ಮೇಲೆ ಕೌದಿ ಹಿಡಿದೆವು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ವಾಸನೆ ಬದಲಾಯಿಸುತ್ತದೆ ಅಷ್ಟೇ. ನಡುಮನೆಯ ಡ್ರಮ್ಮು, ಪಾತ್ರೆಗಳ ಮೇಲೆ ಮಾತ್ರ ತೆಳ್ಳನೆಯ ಬಟ್ಟೆ ಕಟ್ಟಿಟ್ಟೆ. ಹುಳ ಸೋಸಿ ತೆಗೆದರೆ ನೀರು ನೀರೇ ಅಲ್ಲವೇ?

ಹತ್ತನೆಯ ದಿನ ಟ್ಯಾಕ್ಸಿ ಬಂತು. ಸುಲೋಚನಕ್ಕ ಹೊಸ್ತಿಲಲ್ಲಿ ನಿಂತು ಮೊದಲು ನೋಟೀಸು ಓದಿದರು, ಆಮೇಲೆ ಬೆಕ್ಕುಗಳನ್ನು ಎಣಿಸಿದರು, ಕೊನೆಗೆ ಕೋಣೆಗೆ ಹೋಗಿ ಬಂದರು. ಬಾಣಂತಿಯನ್ನೂ ಮಗುವನ್ನೂ ಸೀದಾ ವಾಸಂತಕ್ಕನ ಮನೆಗೆ ಕಳಿಸಿದರು. ನನ್ನ ಮುಖ ನೋಡಲಿಲ್ಲ.

"ನಾನು ಹೇಳಿದ್ದೇನು ನಿಂಗೆ?"

"ಚೆಲ್ಲು ಅಂತ."

"ಮತ್ತೆ? ಚೆಲ್ಲು ಈಗ. ಒಂದೊಂದೇ. ನಾನಿಲ್ಲೇ ನಿಂತ್ಕೊಂಡು ನೋಡ್ತೀನಿ."

ಹಂಡೆ ಎತ್ತಿ ಅಂಗಳಕ್ಕೆ ಚೆಲ್ಲಿದೆ. ಕುಕ್ಕರು. ಇಡ್ಲಿ ಪಾತ್ರೆ. ಟಿಫನ್ ಕ್ಯಾರಿಯರು. ಕೊನೆಗೆ ಡ್ರಮ್ಮನ್ನು ಯಜಮಾನರೂ ನಾನೂ ಸೇರಿ ಮೆಟ್ಟಿಲಿನವರೆಗೆ ಎಳೆದು ಬಗ್ಗಿಸಿದೆವು. ಇನ್ನೂರು ಲೀಟರ್ ನೀರು ಗಳಗಳನೆ ಹರಿದು ಮಳೆಯಲ್ಲಿ ಸೇರಿಹೋಯಿತು. ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ.

ಸುಲೋಚನಕ್ಕ ಕರಗಿಹೋದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡೆ, ಅಳ್ಬೇಡ. ತಪ್ಪು ಎಲ್ರೂ ಮಾಡ್ತಾರೆ. ಇಷ್ಟು ನೊಂದ್ಕೊಂಡಿದೀಯಲ್ಲ, ಅದೇ ದೊಡ್ಡದು. ಒಳ್ಳೆ ಮನಸ್ಸು ಕಣೆ ನಿಂದು" ಎಂದರು. ವಾಸಂತಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂದಿನಿಂದ ನೆಂಟರಲ್ಲಿ ಯಾರೇ ನನ್ನನ್ನು ಆಡಿಕೊಂಡರೂ ಸುಲೋಚನಕ್ಕ ನನ್ನ ಪರವಾಗಿ ಮಾತಾಡುತ್ತಾರೆ.

ನಾನು ಅತ್ತದ್ದು ಆ ನೀರಿಗೆ ಎಂದು ಅವರಿಗೆ ಹೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ.